ವಿಷಯ ಶೀರ್ಷಿಕೆಗಳ ಕರಡು ಪಟ್ಟಿಗೆ ಅಭಿಪ್ರಾಯ ಬರೆಯುವುದು ಹೇಗೆ: ನಮ್ಮ ಭಾಗದ ಗ್ರಂಥಪಾಲಕರಿಗೆ ಸಮಗ್ರ ಮಾರ್ಗದರ್ಶಿ

“ಇಳಕಲ್ ಸೀರೆ ನಮ್ಮ ಭಾಗದ ಹೆಮ್ಮೆ. ಇದಕ್ಕೆ ಪ್ರತ್ಯೇಕ ಶೀರ್ಷಿಕೆ ಕೊಡಲೇಬೇಕು.”

ಪುಸ್ತಕದ ವಿಷಯ ಸೂಚಿಸಲು ಕ್ಯಾಟಲಾಗಿನಲ್ಲಿ ಬಳಸುವ ನಿಗದಿತ ಪದವೇ ವಿಷಯ ಶೀರ್ಷಿಕೆ. ಅದರ ಪಟ್ಟಿ ನಡೆಸುವ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಇಂಥ ಎರಡು ಸಾಲು ಹೋದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಓದಿದವರಿಗೆ ಅದರಲ್ಲಿ ಮಾಡಲು ಕೆಲಸವೇ ಇರುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜು ಲೈಬ್ರರಿಗಳ ಗೆಳೆಯರು ಕಳಿಸುವ ಮುಂಚೆ ನನಗೆ ತೋರಿಸುವ ಟಿಪ್ಪಣಿಗಳಲ್ಲಿ ಬಹುಪಾಲು ಹೀಗೇ ಇರುತ್ತವೆ. ಅವರಿಗೆ ವಿಷಯ ಗೊತ್ತು, ಸಿಟ್ಟೂ ಇದೆ. ರೆಕಾರ್ಡಿನ ಯಾವ ಸಾಲು ತಪ್ಪು, ಅದರ ಜಾಗದಲ್ಲಿ ಏನಿರಬೇಕು, ಆಧಾರ ಎಲ್ಲಿದೆ ಎಂಬುದು ಮಾತ್ರ ಇರುವುದಿಲ್ಲ. ಈ ಬರಹ ಆ ಮೂರಕ್ಕಾಗಿ.

ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಷಯ ಶೀರ್ಷಿಕೆ ಪಟ್ಟಿಗೆ, ಅಂದರೆ ಎಲ್‌ಸಿಎಸ್‌ಎಚ್‌ಗೆ, ಹೊಸ ಶೀರ್ಷಿಕೆ ಸೇರಿಸಲು ಅಥವಾ ಹಳೆಯದನ್ನು ಬದಲಿಸಲು ಅಲ್ಲಿನ ಸಿಬ್ಬಂದಿಯೂ ಸ್ಯಾಕೋ ಎಂಬ ಸಹಕಾರಿ ಕಾರ್ಯಕ್ರಮದ ಲೈಬ್ರರಿಗಳೂ ಪ್ರಸ್ತಾವ ಕಳಿಸುತ್ತಾರೆ. ಅವು ಟೆಂಟೆಟಿವ್ ಲಿಸ್ಟ್ ಎಂಬ ಕರಡು ಪಟ್ಟಿಯಾಗಿ ಹೊರಬೀಳುತ್ತವೆ. ಅಭಿಪ್ರಾಯಕ್ಕೆ ಒಂದಿಷ್ಟು ದಿನ ಕೊಟ್ಟು, ಆಮೇಲೆ ಒಪ್ಪುತ್ತಾರೆ ಅಥವಾ ಬಿಡುತ್ತಾರೆ. ನಮಗೇಕೆ ಈ ಉಸಾಬರಿ ಎನ್ನಬೇಡಿ. ಲೈಬ್ರರಿ ತಂತ್ರಾಂಶವಾದ ಕೋಹಾದಲ್ಲಿ, ಬೇರೆ ಕ್ಯಾಟಲಾಗಿನಿಂದ ರೆಕಾರ್ಡು ತರುವ ಝಡ್39.50 ಮೂಲಕ ನೀವು ಎಳೆದುಕೊಳ್ಳುವ ರೆಕಾರ್ಡಿನ 650ನೇ ಫೀಲ್ಡಿನಲ್ಲಿ, ಅಂದರೆ ವಿಷಯ ಬರೆಯುವ ಜಾಗದಲ್ಲಿ, ಬಂದು ಕೂರುವುದು ಇದೇ ಶೀರ್ಷಿಕೆ.

ಮೊದಲು ಕೈಯಲ್ಲಿ ಇರಬೇಕಾದ್ದು

ದುಡ್ಡು ಕೊಟ್ಟು ಕೊಳ್ಳಬೇಕಾದ್ದು ಏನೂ ಇಲ್ಲ. ಅದೇ ಲೈಬ್ರರಿಯ ಕ್ಲಾಸಿಫಿಕೇಶನ್ ವೆಬ್ ಎಂಬ ಆನ್‌ಲೈನ್ ಸಲಕರಣೆಗೆ ಚಂದಾ ಬೇಕು, ಆದರೆ ಈ ಕೆಲಸಕ್ಕೆ ಅದಿಲ್ಲದೆಯೂ ನಡೆಯುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಲಿಂಕ್ಡ್ ಡೇಟಾ ತಾಣದಲ್ಲಿ ಈಗಿರುವ ಶೀರ್ಷಿಕೆಗಳನ್ನು ಪುಕ್ಕಟೆ ಹುಡುಕಬಹುದು. ಸಬ್ಜೆಕ್ಟ್ ಹೆಡಿಂಗ್ಸ್ ಮ್ಯಾನ್ಯುಯಲ್ ಕೂಡ ಪುಕ್ಕಟೆ. ಅದು ಎಚ್ ಅಕ್ಷರ ಮತ್ತು ಸಂಖ್ಯೆ ಹೊತ್ತ ಬಿಡಿ ಹಾಳೆಗಳ ಕಟ್ಟು. ಪೂರ್ತಿ ಓದಲು ಹೋದರೆ ಅರ್ಧಕ್ಕೆ ಕೈಬಿಡುತ್ತೀರಿ. ಎಂಟು ಹಾಳೆ ಇಳಿಸಿಕೊಳ್ಳಿ: ಶೀರ್ಷಿಕೆ ಯಾವಾಗ ಬೇಕು ಎಂಬುದಕ್ಕೆ ಎಚ್ 187, ಆಧಾರ ಹುಡುಕಲು ಎಚ್ 202, ಆಧಾರ ನಮೂದಿಸಲು ಎಚ್ 203, ಪ್ರಸ್ತಾವ ತೂಗಿ ನೋಡಲು ಎಚ್ 204, ವ್ಯಾಪಕ ಅರ್ಥದ ಮೇಲಿನ ಪದಗಳಿಗೆ ಎಚ್ 370, ಪರ್ಯಾಯ ಹೆಸರುಗಳಿಗೆ ಎಚ್ 373, ಯಾವ ಹೆಸರು ಯಾವ ಕಡತಕ್ಕೆ ಎಂಬುದಕ್ಕೆ ಎಚ್ 405, ಸ್ಥಳನಾಮಗಳಿಗೆ ಎಚ್ 690.

ಇನ್ನು ಆಧಾರ ಗ್ರಂಥಗಳು. 1884ರ ಬಾಂಬೆ ಗೆಜೆಟಿಯರ್‌ನ ಬೆಳಗಾವಿ, ವಿಜಯಪುರ ಸಂಪುಟಗಳು, ಆಮೇಲಿನ ರಾಜ್ಯ ಗೆಜೆಟಿಯರ್‌ಗಳು, ಶೋಧಗಂಗಾದಲ್ಲಿ ಸಿಗುವ ಪಿಎಚ್‌ಡಿ ಪ್ರಬಂಧಗಳು, ಭೌಗೋಳಿಕ ಸೂಚಕದ ನೋಂದಣಿ ದಾಖಲೆ, ಒಂದು ಒಳ್ಳೆಯ ಕನ್ನಡ ನಿಘಂಟು. ಜೊತೆಗೆ ಒಂದು ನೋಟ್‌ಬುಕ್. ನೋಟ್‌ಬುಕ್ ಯಾಕೆಂದು ಕೊನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಬಾಗಿಲು ಸರಿಯಿದೆಯೇ ನೋಡಿ

ನಾನು ಮೊದಲ ಸಲ ಮಾಡಿದ ತಪ್ಪು ಇಲ್ಲಿಯದೇ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರು ಬದಲಾದವು. ಬೆಳಗಾಂವ್ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಕ್ಯಾಟಲಾಗಿನಲ್ಲಿ ಇನ್ನೂ ಹಳೆಯ ಹೆಸರು ಕಂಡು ಮೈ ಉರಿದು, ಮೂರು ಪುಟ ಬರೆದೆ. ಶಾಸನ, ಗೆಜೆಟ್ ಅಧಿಸೂಚನೆ, ಎಲ್ಲ ಇತ್ತು. ಕಳಿಸಿದ್ದು ವಿಷಯ ಶೀರ್ಷಿಕೆಯವರಿಗೆ. ನಗರ, ಜಿಲ್ಲೆ, ರಾಜ್ಯಗಳ ಹೆಸರು ವಿಷಯ ಶೀರ್ಷಿಕೆಯ ಕಡತದಲ್ಲಿ ಇರುವುದೇ ಇಲ್ಲ. ಅವು ಹೆಸರುಗಳ ಒಪ್ಪಿತ ರೂಪ ಇಡುವ ನೇಮ್ ಅಥಾರಿಟಿ ಕಡತಕ್ಕೆ ಸೇರಿದವು, ಅದರ ದಾರಿ ನ್ಯಾಕೋ ಎಂಬ ಬೇರೆ ಕಾರ್ಯಕ್ರಮದ್ದು. ಮೂರು ಪುಟ ನೀರಿನಲ್ಲಿ ಹೋಮ.

ಹಾಗಾಗಿ ಬರೆಯುವ ಮುಂಚೆ ಎಚ್ 405 ತೆಗೆದು ನೋಡಿ. ಸ್ಥೂಲವಾಗಿ ಹೇಳುವುದಾದರೆ, ಆಡಳಿತ ಘಟಕ, ವ್ಯಕ್ತಿ, ಸಂಸ್ಥೆ ಎಲ್ಲ ಹೆಸರಿನ ಕಡತಕ್ಕೆ. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬಾಗಲಕೋಟೆ ಜಿಲ್ಲೆ, ಇವೆಲ್ಲ ಅಲ್ಲಿ. ನದಿ, ಜಲಪಾತ, ಅಣೆಕಟ್ಟು, ಗೋರಿ, ಜನಸಮುದಾಯ, ಭಾಷೆ, ಬಟ್ಟೆ, ತಿಂಡಿ, ನಾಯಿ ತಳಿ, ಕಲೆ, ಇವು ವಿಷಯ ಶೀರ್ಷಿಕೆಯ ಕಡತಕ್ಕೆ. ಘಟಪ್ರಭಾ ನದಿ, ಗೋಕಾಕ ಜಲಪಾತ, ಆಲಮಟ್ಟಿ ಅಣೆಕಟ್ಟು, ಮುಧೋಳ ನಾಯಿ ಬಗ್ಗೆ ಪ್ರಸ್ತಾವ ಬಂದರೆ ನಿಮ್ಮ ಮಾತಿಗೆ ಇಲ್ಲಿ ಜಾಗವಿದೆ. ದೇವಾಲಯಗಳ ಸಂಗತಿ ಸ್ವಲ್ಪ ಗೋಜಲು. ಐಹೊಳೆ, ಪಟ್ಟದಕಲ್ಲಿನ ಗುಡಿಗಳ ಬಗ್ಗೆ ಬರೆಯುವಾಗ ಊಹೆಯ ಮೇಲೆ ಹೋಗದೆ ಆ ಹಾಳೆಯಲ್ಲಿ ಸಾಲು ಹುಡುಕಿಯೇ ಮುಂದುವರಿಯಿರಿ.

ಎಚ್ಚರಿಕೆಯ ಗುರುತು: ನಿಮ್ಮ ಟಿಪ್ಪಣಿಯಲ್ಲಿ “ಸರ್ಕಾರ ಹೆಸರು ಬದಲಿಸಿದೆ” ಎಂಬ ವಾಕ್ಯ ಬಂದರೆ ನಿಲ್ಲಿ. ಬಹುಶಃ ಬಾಗಿಲು ತಪ್ಪಿದ್ದೀರಿ.

ಹಂತ 2: ಪಟ್ಟಿಯನ್ನು ಸೋಸಿ

ಒಂದು ಪಟ್ಟಿಯಲ್ಲಿ ನಮಗೆ ಸಂಬಂಧವಿಲ್ಲದ ನೂರೆಂಟು ಪ್ರಸ್ತಾವ ಇರುತ್ತವೆ. ಎಲ್ಲೋ ಇರುವ ಕೆರೆ, ಯಾವುದೋ ಕಂಪ್ಯೂಟರ್ ಭಾಷೆ, ಒಂದು ಜಾತಿಯ ಜೀರುಂಡೆ. ಎಲ್ಲ ಓದಬೇಕಿಲ್ಲ. ಪಟ್ಟಿ ತೆರೆದ ಕೂಡಲೇ ತಲೆಬರಹದಲ್ಲಿರುವ ಕೊನೆಯ ದಿನಾಂಕವನ್ನೂ ಅಭಿಪ್ರಾಯ ಕಳಿಸಬೇಕಾದ ವಿಳಾಸವನ್ನೂ ನೋಟ್‌ಬುಕ್‌ಗೆ ಇಳಿಸಿ. ಆಮೇಲೆ ಕಂಟ್ರೋಲ್ ಎಫ್ ಒತ್ತಿ ಪದ ಹುಡುಕಿ.

ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಸಂಗತಿ ನಾವು ಬರೆಯುವ ಸ್ಪೆಲಿಂಗ್‌ನಲ್ಲೇ ಇರಬೇಕೆಂದಿಲ್ಲ. ಕನ್ನಡ ಎಂದು ಹುಡುಕಿ ಸಿಗದಿದ್ದರೆ ಕ್ಯಾನರೀಸ್ ಎಂದು ಹುಡುಕಿ. ಕರ್ನಾಟಕ ಇಲ್ಲದಿದ್ದರೆ ಮೈಸೂರು, ಡೆಕ್ಕನ್, ಬಿಜಾಪುರ, ಬೆಳಗಾಂವ್. ಇಂಡಿಯಾ ಅಂತೂ ಹಾಕಲೇಬೇಕು. ಛತ್ತೀಸಗಢದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ ಎಂಬುದು ನೆನಪಿರಲಿ. ಹೆಸರು ಕಂಡ ಕೂಡಲೇ ನಮ್ಮದೆಂದು ಹಾರಬೇಡಿ.

ಕೊನೆಯ ದಿನವೇ ಕಳಿಸುವ ಅಭ್ಯಾಸ ಬಿಡಿ. ವಾಷಿಂಗ್ಟನ್ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದಿದೆ, ಆ ಲೆಕ್ಕದಲ್ಲಿ ಸ್ವಲ್ಪ ಲಾಭ ಉಂಟು ನಿಜ. ಆದರೆ ಆಧಾರದ ಪುಸ್ತಕ ಬೇರೆ ಕಾಲೇಜಿನ ಕಪಾಟಿನಲ್ಲಿದ್ದು, ಕೀಲಿ ಯಾರ ಕೈಯಲ್ಲೋ ಇದ್ದು, ಕೊನೆಗೆ ಆಧಾರವಿಲ್ಲದೆ ಕಳಿಸಿದ ಟಿಪ್ಪಣಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಂತ 3: ರೆಕಾರ್ಡನ್ನು ಸಾಲು ಸಾಲಾಗಿ ಓದಿ

ನಮ್ಮವರು ಹೆಚ್ಚಾಗಿ ಶೀರ್ಷಿಕೆಯೊಂದನ್ನೇ ಓದಿ ಅಭಿಪ್ರಾಯಕ್ಕೆ ಕೂರುತ್ತಾರೆ. ತಪ್ಪುಗಳು ಕೂತಿರುವುದು ಕೆಳಗಿನ ಸಾಲುಗಳಲ್ಲಿ.

ಪ್ರಸ್ತಾವಕ್ಕೆ ಎಸ್‌ಪಿ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಒಪ್ಪಿಗೆಯಾದ ರೆಕಾರ್ಡಿಗೆ ಎಸ್‌ಎಚ್. ಆಮೇಲೆ ಬರುವುದು ಮಾರ್ಕ್ ಅಥಾರಿಟಿ ಫೀಲ್ಡುಗಳು, ಅಂದರೆ ಶೀರ್ಷಿಕೆಯ ರೆಕಾರ್ಡನ್ನು ಕಂಪ್ಯೂಟರ್ ಓದುವಂತೆ ವಿಂಗಡಿಸಿದ ಸಂಖ್ಯೆಯ ಸಾಲುಗಳು. 150 ಎಂದರೆ ವಿಷಯದ ಶೀರ್ಷಿಕೆ, 151 ಎಂದರೆ ಸ್ಥಳದ್ದು, 155 ಎಂದರೆ ಪ್ರಕಾರದ್ದು. ಶ್ರೀಕೃಷ್ಣ ಪಾರಿಜಾತದಂಥ ಬಯಲಾಟದ ಬಗ್ಗೆ ಬರೆದ ಪುಸ್ತಕಕ್ಕೆ 150 ಬೇಕು. ಪುಸ್ತಕವೇ ಪಾರಿಜಾತದ ಪದ್ಯಗಳಾಗಿದ್ದರೆ 155ರ ಮಾತು ಬರುತ್ತದೆ. ಇವೆರಡನ್ನು ಕಲಸಿ ಬರೆದ ಟಿಪ್ಪಣಿಗೆ ಬೆಲೆ ಇಲ್ಲ.

4ರಿಂದ ಶುರುವಾಗುವ ಫೀಲ್ಡುಗಳು ಪರ್ಯಾಯ ಹೆಸರುಗಳು, ನಾವು ಯುಎಫ್ ಎನ್ನುತ್ತೇವೆ. 5ರಿಂದ ಶುರುವಾಗುವವು ಬಿಟಿ ಮತ್ತು ಆರ್‌ಟಿ, ಮೇಲಿನ ಪದ ಮತ್ತು ಸಂಬಂಧಿ ಪದ. 670 ಆಧಾರ. 675 ಹುಡುಕಿಯೂ ಸಿಗದ ಆಧಾರ. 680 ಶೀರ್ಷಿಕೆಯ ವ್ಯಾಪ್ತಿ ಹೇಳುವ ಟಿಪ್ಪಣಿ. ಹಳೆಯ ರೆಕಾರ್ಡಿಗೆ ಬದಲಾವಣೆ ಆಗುವುದಿದ್ದರೆ ತೆಗೆಯುವ ಸಾಲಿನ ಪಕ್ಕದಲ್ಲಿ ಕ್ಯಾನ್ಸಲ್ ಎಂದು ಬರೆದಿರುತ್ತದೆ. ಅದನ್ನು ಗಮನಿಸದೆ, ಹೋಗುತ್ತಿರುವ ಸಾಲನ್ನೇ ಬಯ್ದು ಪತ್ರ ಬರೆದವರಿದ್ದಾರೆ.

ಹಂತ 4: ಮೊದಲೇ ಇರುವುದನ್ನು ಹುಡುಕಿ

ಚಿಕ್ಕ ಹಂತ, ಆದರೆ ಬಿಡುವಂತಿಲ್ಲ. ಲಿಂಕ್ಡ್ ಡೇಟಾ ತಾಣದಲ್ಲಿ ಅದೇ ಸಂಗತಿ ಬೇರೆ ಹೆಸರಿನಲ್ಲಿ ಇದೆಯೇ ನೋಡಿ. ಇದ್ದರೆ ನಿಮ್ಮ ಟಿಪ್ಪಣಿ ಮುಗಿದಂತೆಯೇ: “ಇದು ಈಗಾಗಲೇ ಇಂಥ ಸಂಖ್ಯೆಯ ಶೀರ್ಷಿಕೆಯಲ್ಲಿದೆ.” ಇಲ್ಲದಿದ್ದರೆ ಅಕ್ಕಪಕ್ಕದ ಶೀರ್ಷಿಕೆಗಳು ಹೇಗೆ ಕಟ್ಟಲ್ಪಟ್ಟಿವೆ ನೋಡಿಕೊಳ್ಳಿ. ಬೇರೆ ಊರಿನ ಸೀರೆಗೆ, ಬೇರೆ ನದಿಗೆ ಯಾವ ಬಿಟಿ ಕೊಟ್ಟಿದ್ದಾರೋ ಅದೇ ಮಾದರಿ ಇಲ್ಲಿಗೂ ಬರಬೇಕು. ಮಾದರಿ ತಪ್ಪಿದೆ ಎಂದು ತೋರಿಸುವುದು ಬಲವಾದ ವಾದ.

ಹಂತ 5: ಮೇಲಿನ ಪದಕ್ಕೆ “ಎಲ್ಲವೂ” ಪರೀಕ್ಷೆ

ಈ ಹಂತಕ್ಕೆ ಸಮಯ ಕೊಡಿ. ಸ್ಥಳೀಯರಾದ ನಮಗೆ ಮಾತ್ರ ಕಾಣುವ ತಪ್ಪು ಇಲ್ಲಿಯೇ ಹೆಚ್ಚು.

ಅಭ್ಯಾಸಕ್ಕೆಂದು ಒಂದು ಪ್ರಸ್ತಾವವನ್ನು ನಾನೇ ಕಟ್ಟಿಕೊಂಡಿದ್ದೇನೆ, ಪಟ್ಟಿಯಲ್ಲಿ ಹುಡುಕಬೇಡಿ. 150ರಲ್ಲಿ ಇಳಕಲ್ ಸಾರೀಸ್. ಕೆಳಗೆ ಮೂರು ಬಿಟಿ: ಸಾರೀಸ್, ಸಿಲ್ಕ್, ಎಂಬ್ರಾಯ್ಡರಿ. ಓದಿದವರಿಗೆ ಎಲ್ಲ ಸರಿಯೆನಿಸುತ್ತದೆ. ಸೀರೆ ಹೌದು, ರೇಷ್ಮೆ ಇದೆ, ಕಸೂತಿ ಮಾಡುತ್ತಾರೆ.

ಈಗ ಒಂದೊಂದಕ್ಕೂ ಈ ಪ್ರಶ್ನೆ ಹಾಕಿ: ಕೆಳಗಿನ ಪದದ ಎಲ್ಲವೂ ಮೇಲಿನ ಪದದೊಳಗೆ ಬರುತ್ತದೆಯೇ? ಇಳಕಲ್ ಸೀರೆ ಎಲ್ಲವೂ ಸೀರೆಯೇ. ಮೊದಲ ಬಿಟಿ ಪಾಸು. ಇಳಕಲ್ ಸೀರೆ ಎಲ್ಲವೂ ರೇಷ್ಮೆಯೇ? ಅಲ್ಲ. ಸೆರಗು ರೇಷ್ಮೆಯದಾದರೂ ಒಡಲು ಹತ್ತಿಯದ್ದಿರಬಹುದು, ಹತ್ತಿ-ರೇಷ್ಮೆ ಬೆರಕೆ ಇರಬಹುದು, ಕೃತಕ ರೇಷ್ಮೆ ಇರಬಹುದು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕುಣಿಕೆ ಹಾಕಿ ಕೂಡಿಸುವುದೇ ಈ ನೇಯ್ಗೆಯ ವಿಶೇಷ. ಹಾಗಾಗಿ ಎರಡನೆಯ ಬಿಟಿ ಬೀಳುತ್ತದೆ. ಮೂರನೆಯದು? ಕಸೂತಿ ಮಗ್ಗದ ಕೆಲಸವಲ್ಲ. ಸೀರೆ ಮಗ್ಗದಿಂದ ಇಳಿದ ಮೇಲೆ ಸೂಜಿ ಹಿಡಿದು ಗವಂತಿ, ಮುರಗಿ, ನೇಗಿ, ಮೆಂತೆ ಹೊಲಿಗೆಯಲ್ಲಿ ಹಾಕುವುದು. ಕಸೂತಿಯಿಲ್ಲದ ಇಳಕಲ್ ಸೀರೆ ನಿಮ್ಮ ಅವ್ವನ ಪೆಟ್ಟಿಗೆಯಲ್ಲೇ ಇದ್ದೀತು. ಮೂರನೆಯ ಬಿಟಿಯೂ ಬೀಳುತ್ತದೆ.

ಸೆರಗಿನ ತೋಪು ತೆನೆ, ಕೋಟಿ ಕಮ್ಮಲಿ, ಹಣಿಗೆ ವಿನ್ಯಾಸಗಳನ್ನೂ ದಡಿಯ ಗೋಮಿ, ಚಿಕ್ಕಿ ಪರಾಸಗಳನ್ನೂ ಟಿಪ್ಪಣಿಯಲ್ಲಿ ವಿವರಿಸುವ ಆಸೆ ಹುಟ್ಟುತ್ತದೆ. ಬೇಡ. ಬಿಟಿಯ ಪ್ರಶ್ನೆಗೆ ಅವು ಉತ್ತರವಲ್ಲ.

ಅಣೆಕಟ್ಟು, ಜಲಾಶಯಗಳಿಗೂ ಇದೇ ಎಚ್ಚರ ಬೇಕು. ಆಲಮಟ್ಟಿ ಅಣೆಕಟ್ಟು ಒಂದು ಕಟ್ಟಡ. ಅದರ ಹಿಂದಿನ ನೀರು, ಹಳೇ ಬಾಗಲಕೋಟೆಯ ಅಂಗಡಿ ಮನೆಗಳವರೆಗೆ ಏರಿ ಜನ ನವನಗರಕ್ಕೆ ಎದ್ದು ಹೋಗುವಂತೆ ಮಾಡಿದ ಹಿನ್ನೀರು, ಒಂದು ಜಲಾಶಯ. ಅದಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ ಎಂಬ ಹೆಸರು. ಪತ್ರಿಕೆಗಳು ಎರಡನ್ನೂ ಒಂದೇ ಎಂಬಂತೆ ಬರೆಯುತ್ತವೆ. ಶೀರ್ಷಿಕೆಯಲ್ಲಿ ಅವು ಎರಡು ವಸ್ತು. ಸಾಗರದ ಹೆಸರನ್ನು ಅಣೆಕಟ್ಟಿನ ಯುಎಫ್ ಆಗಿ ಹಾಕಿದ ಪ್ರಸ್ತಾವ ಬಂದರೆ ಅದು ತಪ್ಪೆಂದು ಬರೆಯಿರಿ.

ಆರ್‌ಟಿ ಬಗ್ಗೆ ಒಂದೇ ಮಾತು: ಹೆಚ್ಚು ಕೇಳಬೇಡಿ. ಮ್ಯಾನ್ಯುಯಲ್ ಅದನ್ನು ಆದಷ್ಟು ಕಡಿಮೆ ಇಡುತ್ತದೆ.

ಹಂತ 6: ಪರ್ಯಾಯ ಹೆಸರುಗಳನ್ನು ಊರವರ ಕಣ್ಣಿನಿಂದ ನೋಡಿ

ವಿಜಯಪುರದವರಿಗೆ ಡೋಣಿ ನದಿ ಗೊತ್ತು. “ಡೋಣಿ ಬೆಳೆದರೆ ಓಣೆಲ್ಲ ಜೋಳ” ಎನ್ನುವ ನಮಗೆ ಆ ಹೆಸರಿನಲ್ಲಿ ಗೊಂದಲವಿಲ್ಲ. ಆದರೆ 1884ರ ಗೆಜೆಟಿಯರ್ ಅದನ್ನು ಡಾನ್ ಎನ್ನುತ್ತದೆ. ಹಳೆಯ ಇಂಗ್ಲಿಷ್ ಪುಸ್ತಕ ಓದಿ ಬರುವ ಸಂಶೋಧಕ ಹುಡುಕುವುದು ಡಾನ್ ಎಂದೇ. ಹಾಗಾದರೆ ಡಾನ್ ರಿವರ್ ಎಂದು ಯುಎಫ್ ಸೇರಿಸಿ ಎನ್ನಬಹುದೇ? ಬರೀ ಹಾಗೆ ಹೇಳಿದರೆ ಕೆಲಸ ಕೆಡುತ್ತದೆ. ರಷ್ಯಾದಲ್ಲಿ ದೊಡ್ಡದೊಂದು ಡಾನ್ ನದಿ ಹರಿಯುತ್ತಿದೆ. ಆವರಣದಲ್ಲಿ ದೇಶದ ಹೆಸರು ಹಾಕಿ, ಇಂಡಿಯಾದ ಡಾನ್ ನದಿ ಎಂಬ ರೂಪವನ್ನು ಸೂಚಿಸಬೇಕು.

ಇದೇ ಹೊತ್ತಿಗೆ ಇನ್ನೊಂದು ತಕರಾರು ಏಳುತ್ತದೆ: “ಆವರಣದಲ್ಲಿ ಕರ್ನಾಟಕ ಯಾಕಿಲ್ಲ, ಬರೀ ಇಂಡಿಯಾ ಯಾಕೆ?” ಅಮೆರಿಕ, ಕೆನಡಾದಂಥ ಕೆಲವೇ ದೇಶಗಳಿಗೆ ರಾಜ್ಯ ಅಥವಾ ಪ್ರಾಂತ್ಯದ ಹೆಸರು ಬರುತ್ತದೆ, ನಮ್ಮಲ್ಲಿ ದೇಶದ ಹೆಸರು. ನನಗೂ ಹಿತವಲ್ಲ, ಆದರೆ ಅದು ಇಡೀ ಪಟ್ಟಿಯ ನಿಯಮ. ಒಂದು ನದಿಯ ಪ್ರಸ್ತಾವದಲ್ಲಿ ಅದರ ಜಗಳ ತೆಗೆದರೆ ನಿಮ್ಮ ಸರಿಯಾದ ಮಾತೂ ಅದರ ಜೊತೆ ಮೂಲೆಗೆ ಸೇರುತ್ತದೆ.

ಪದ ಚಿಕ್ಕದಾದಷ್ಟೂ ಡಿಕ್ಕಿ ಜಾಸ್ತಿ. ಗುಳೇದಗುಡ್ಡದ ಖಣವನ್ನು ಇಂಗ್ಲಿಷಿನಲ್ಲಿ ಬರೆದು ಕೊನೆಯ ಅಕಾರ ಬಿಟ್ಟರೆ ಖಾನ್ ಎಂಬ ಮನೆತನದ ಹೆಸರಾಗುತ್ತದೆ. ಕುಪ್ಪಸದ ಬಟ್ಟೆ ಹುಡುಕಿದವರಿಗೆ ವಂಶಾವಳಿ ಸಿಗುತ್ತದೆ. ಬೆಳಗಾವಿಯ ಕುಂದಾಕ್ಕೂ ಇದೇ ಪಾಡು, ಆ ಹೆಸರಿನ ಊರುಗಳಿವೆ. ಇಂಥಲ್ಲಿ ಬಟ್ಟೆ, ಸಿಹಿತಿಂಡಿ ಎಂಬ ವಿಶೇಷಣ ಆವರಣದಲ್ಲಿ ಬೇಕೆಂದು ಬರೆಯಿರಿ.

ಲಿಪ್ಯಂತರದಲ್ಲಿ ನಮ್ಮವರು ಸುಲಭವಾಗಿ ಸೋಲುತ್ತಾರೆ. ನಾವು ಮೊಬೈಲಿನಲ್ಲಿ ಬರೆಯುವ ಇಂಗ್ಲಿಷ್ ಕನ್ನಡ ಬೇರೆ, ಕ್ಯಾಟಲಾಗಿನ ಎಎಲ್‌ಎ-ಎಲ್‌ಸಿ ಲಿಪ್ಯಂತರ ಬೇರೆ. ಅಲ್ಲಿ ಚಕಾರಕ್ಕೆ ಸಿ ಒಂದೇ ಸಾಕು, ಸಿಎಚ್ ಬರೆದರೆ ಅದು ಛ. ಳಕಾರಕ್ಕೆ ಎಲ್ ಅಕ್ಷರದ ಕೆಳಗೆ ಚುಕ್ಕಿ, ಣಕಾರಕ್ಕೆ ಎನ್ ಕೆಳಗೆ ಚುಕ್ಕಿ, ದೀರ್ಘಕ್ಕೆ ಮೇಲೆ ಗೆರೆ. ಪ್ರಸ್ತಾವದಲ್ಲಿ ಇಳಕಲ್‌ನ ಳ ಕೆಳಗೆ ಚುಕ್ಕಿ ತಪ್ಪಿದ್ದರೆ ಅದು ಹೇಳಬೇಕಾದ ತಪ್ಪೇ. ನಮ್ಮಷ್ಟು ಬೇಗ ಅದನ್ನು ಹಿಡಿಯುವವರು ಯಾರೂ ಇಲ್ಲ.

ಎಚ್ಚರಿಕೆಯ ಗುರುತು: ನೀವು ಸೂಚಿಸುವ ಪರ್ಯಾಯ ಹೆಸರು ಯಾವ ಮುದ್ರಿತ ಆಧಾರದಲ್ಲೂ ಇಲ್ಲ, ಸಂತೆಯಲ್ಲಿ ಕೇಳಿದ್ದು ಮಾತ್ರ. ಹಾಗಿದ್ದರೆ ಅದನ್ನು ಬಿಡಿ, ಅಥವಾ ಮುಂದಿನ ಹಂತದಲ್ಲಿ ಆಧಾರ ಹುಡುಕಿ ಬನ್ನಿ.

ಹಂತ 7: ಆಧಾರ ಕೂಡಿಸಿ

ಶೀರ್ಷಿಕೆ ಹುಟ್ಟುವುದು ಪುಸ್ತಕದಿಂದ. ಆ ವಿಷಯದ ಮೇಲೆ ಕೃತಿಯೊಂದು ಕ್ಯಾಟಲಾಗ್ ಮಾಡುವವರ ಮೇಜಿಗೆ ಬರಬೇಕು. 670ರ ಮೊದಲ ಸಾಲು ಆ ಕೃತಿಯದ್ದೇ, ವರ್ಕ್ ಕ್ಯಾಟ್ ಎಂಬ ಗುರುತಿನೊಂದಿಗೆ. ಕನ್ನಡ ಪುಸ್ತಕಗಳು ಅಲ್ಲಿಗೆ ಹೋಗುವುದು ಬಹುಮಟ್ಟಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ದಿಲ್ಲಿ ಕಚೇರಿಯ ಮೂಲಕ. ಪ್ರಸ್ತಾವ ಕಟ್ಟಿದವರು ಒಂದೇ ಪುಸ್ತಕದ ಮುನ್ನುಡಿ ನೋಡಿ ಬರೆದಿರಬಹುದು. ನೀವು ಎರಡನೆಯ, ಮೂರನೆಯ ಆಧಾರ ಕೊಟ್ಟರೆ ಅವರಿಗೆ ಅದು ಉಡುಗೊರೆಯೇ.

ಆಧಾರದಲ್ಲಿ ನಾಲ್ಕು ಸಂಗತಿ ಇರಲಿ: ಕೃತಿಯ ಹೆಸರು, ವರ್ಷ, ಪುಟ, ಆ ಪುಟದಲ್ಲಿರುವ ಮಾತು ಇದ್ದದ್ದು ಇದ್ದಂತೆ. ಕನ್ನಡ ವಾಕ್ಯವಾದರೆ ಲಿಪ್ಯಂತರ, ಪಕ್ಕದಲ್ಲಿ ಒಂದು ಸಾಲಿನ ಇಂಗ್ಲಿಷ್ ಅರ್ಥ. “ಎಲ್ಲರಿಗೂ ಗೊತ್ತು” ಆಧಾರವಲ್ಲ. ವಿಕಿಪೀಡಿಯವನ್ನು ಪೂರಕವಾಗಿ ಕೊಡಬಹುದು, ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಶೋಧಗಂಗಾದ ಪ್ರಬಂಧ ಕೊಡುವಾಗ ಒಂದು ಚೂರು ಪರೀಕ್ಷೆ ಮಾಡಿ. ಒಬ್ಬರ ಪ್ಯಾರಾವನ್ನು ಇನ್ನೊಬ್ಬರು ಎತ್ತಿ ಹಾಕಿ, ಮೂವರಲ್ಲೂ ಅದೇ ವಾಕ್ಯ ಇರುವುದುಂಟು. ಮೂರು ಕಡೆ ಅಚ್ಚಾದ ಒಂದೇ ವಾಕ್ಯ ಒಂದೇ ಆಧಾರ.

ಹಂತ 8: ಜನ, ಜಾತಿ, ಧರ್ಮದ ಪದ ಬಂದಾಗ

ಇಲ್ಲಿ ಹೆಜ್ಜೆ ನಿಧಾನ. ಎಲ್‌ಸಿಎಸ್‌ಎಚ್‌ನಲ್ಲಿ ಹಿಂದೆ ಅಸ್ಪೃಶ್ಯರು ಎಂಬರ್ಥದ ಇಂಗ್ಲಿಷ್ ಪದ ಇತ್ತು, ಈಗ ಶೀರ್ಷಿಕೆ ದಲಿತ್ಸ್. ಅಂದರೆ ಪದ ಬದಲಾಗುತ್ತದೆ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅಮೆರಿಕದಲ್ಲೇ ಇಲ್ಲೀಗಲ್ ಏಲಿಯನ್ಸ್ ಎಂಬ ಶೀರ್ಷಿಕೆಯನ್ನು ಬದಲಿಸಿ ಎಂದು ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ಕೇಳಿದ್ದು 2014ರಲ್ಲಿ. ಲೈಬ್ರರಿ 2016ರಲ್ಲಿ ಬದಲಿಸುತ್ತೇವೆಂದಿತು, ಅಲ್ಲಿನ ಸಂಸತ್ತಿನಲ್ಲಿ ವಿರೋಧ ಎದ್ದಿತು. ನಾನ್‌ಸಿಟಿಜನ್ಸ್, ಇಲ್ಲೀಗಲ್ ಇಮಿಗ್ರೇಶನ್ ಎಂಬ ಹೊಸ ಶೀರ್ಷಿಕೆಗಳು ಬಂದದ್ದು 2021ರ ನವೆಂಬರ್‌ನಲ್ಲಿ. ಒಂದು ಟಿಪ್ಪಣಿಯಿಂದ ಆಗುವ ಕೆಲಸವಲ್ಲ.

ನಮ್ಮ ಕಡೆ ಲಿಂಗಾಯತ, ವೀರಶೈವ ಪದಗಳ ಸುದ್ದಿ ಬಂದರೆ ಟಿಪ್ಪಣಿ ತಕ್ಷಣ ಭಾಷಣವಾಗುತ್ತದೆ. ನಿಮ್ಮ ನಂಬಿಕೆ ಏನೇ ಇರಲಿ, ಟಿಪ್ಪಣಿಯಲ್ಲಿ ಕೇಳಬೇಕಾದ್ದು ಇಷ್ಟೇ: ಆ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ, ಯಾವ ಯಾವ ಕೃತಿಗಳು ಯಾವ ಪದ ಬಳಸಿವೆ, ಎರಡು ಪದಗಳು ಒಂದೇ ಅರ್ಥದಲ್ಲಿ ಬಳಕೆಯಾಗಿವೆಯೇ ಇಲ್ಲವೇ. ಎರಡೂ ಕಡೆಯ ಕೃತಿಗಳಿಂದ ಆಧಾರ ಕೊಡಿ. ಒಂದೇ ಕಡೆಯವು ನಿಮ್ಮ ಕೈಯಲ್ಲಿದ್ದರೆ ಆ ತಿಂಗಳು ಸುಮ್ಮನಿರುವುದು ಒಳ್ಳೆಯದು.

ಹಂತ 9: ಬರೆಯಿರಿ, ಚಿಕ್ಕದಾಗಿ

ಒಂದು ಪ್ರಸ್ತಾವಕ್ಕೆ ಒಂದು ಟಿಪ್ಪಣಿ. ಮೇಲ್‌ನ ವಿಷಯ ಸಾಲಿನಲ್ಲಿ ಪಟ್ಟಿಯ ಸಂಖ್ಯೆ, ಎಸ್‌ಪಿ ಸಂಖ್ಯೆ, ಶೀರ್ಷಿಕೆ. ಒಳಗೆ ಮೊದಲ ಸಾಲಿನಲ್ಲೇ ಏನು ಆಗಬೇಕು ಎಂಬುದು. ಕಳಿಸುವುದು ಇಂಗ್ಲಿಷಿನಲ್ಲಿ. ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಯಾಕೆಂದರೆ ಇಂಗ್ಲಿಷಿನಲ್ಲಿ ಶುರುಮಾಡಿದರೆ ನಮ್ಮ ಕೈ ತಾನಾಗಿ ಸರ್ಕಾರಿ ಅರ್ಜಿಯ ಧಾಟಿಗೆ ಹೋಗುತ್ತದೆ: ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮಲ್ಲಿ ಸವಿನಯ ಪ್ರಾರ್ಥನೆ. ಅರ್ಧ ಪುಟ ಅಲ್ಲೇ ಹೋಯಿತು.

ಅಭ್ಯಾಸದ ಪ್ರಸ್ತಾವಕ್ಕೆ ನಾನು ಬರೆದ ಟಿಪ್ಪಣಿ ಇದು:

“ಇಳಕಲ್ ಸಾರೀಸ್ ಶೀರ್ಷಿಕೆಯನ್ನು ಬೆಂಬಲಿಸುತ್ತೇನೆ. ಎರಡು ಬದಲಾವಣೆ ಬೇಕು. ಒಂದು, ಸಿಲ್ಕ್ ಮತ್ತು ಎಂಬ್ರಾಯ್ಡರಿ ಎಂಬ ಬಿಟಿಗಳನ್ನು ತೆಗೆಯಿರಿ. ಈ ಸೀರೆಯ ಒಡಲು ಹತ್ತಿಯದ್ದೂ ಇರುತ್ತದೆ, ಕಸೂತಿ ನೇಯ್ಗೆಯ ಭಾಗವಲ್ಲ ಮತ್ತು ಎಲ್ಲ ಸೀರೆಗಳಲ್ಲಿ ಇರುವುದಿಲ್ಲ. ಎರಡು, ಸೀರೆ ಪದದ ಎರಡೂ ಇಂಗ್ಲಿಷ್ ಸ್ಪೆಲಿಂಗ್‌ಗಳು ಮತ್ತು ಊರಿನ ಹೆಸರಿನ ಲಿಪ್ಯಂತರ ರೂಪ ಯುಎಫ್ ಆಗಿ ಬರಲಿ. ಆಧಾರ ಕೆಳಗಿದೆ.”

ಅದರ ಕೆಳಗೆ ಎರಡು ಆಧಾರ, ಪುಟಸಂಖ್ಯೆಯೊಂದಿಗೆ. ನನ್ನ ಹೆಸರು, ಹುದ್ದೆ. ಮುಗಿಯಿತು. ಹೆಮ್ಮೆ, ಪರಂಪರೆ, ಸಾವಿರ ವರ್ಷ, ಯಾವುದೂ ಇಲ್ಲ. ಬೆಂಬಲದ ಮಾತನ್ನು ಮೊದಲು ಹಾಕಿದ್ದಕ್ಕೆ ಕಾರಣವಿದೆ. ಬರೀ ತಪ್ಪುಗಳನ್ನೇ ಪಟ್ಟಿ ಮಾಡಿದರೆ ಓದಿದವರು ಪ್ರಸ್ತಾವಕ್ಕೇ ವಿರೋಧವಿದೆ ಎಂದುಕೊಂಡಾರು.

ಒಬ್ಬರು ಬರೆದ ಟಿಪ್ಪಣಿಯನ್ನೇ ಇಪ್ಪತ್ತು ಜನ ಸಹಿ ಬದಲಿಸಿ ಕಳಿಸುವ ರೂಢಿ ನಮ್ಮಲ್ಲಿ ಹಬ್ಬುತ್ತಿದೆ. ಇದು ಮತದಾನವಲ್ಲ. ಇಪ್ಪತ್ತು ಜನರಿದ್ದರೆ ಇಪ್ಪತ್ತು ಆಧಾರ ಹುಡುಕಿ, ಒಂದೇ ಟಿಪ್ಪಣಿ ಕಳಿಸಿ.

ಹಂತ 10: ಕಳಿಸಿದ ಮೇಲೆ

ಉತ್ತರಕ್ಕೆ ಕಾಯಬೇಡಿ. ಪ್ರತಿ ಟಿಪ್ಪಣಿಗೂ ಮರುಪತ್ರ ಬರುವುದಿಲ್ಲ. ನೋಡಬೇಕಾದ್ದು ಎರಡು ಕಡೆ. ಒಪ್ಪಿಗೆಯಾದ ಶೀರ್ಷಿಕೆಗಳ ಪಟ್ಟಿ ಒಂದು. ಸಮರಿ ಆಫ್ ಡಿಸಿಷನ್ಸ್ ಎಂಬ ತೀರ್ಮಾನಗಳ ಸಾರ ಇನ್ನೊಂದು. ಒಪ್ಪದ ಪ್ರಸ್ತಾವಗಳಿಗೆ ಕಾರಣ ಎರಡನೆಯದರಲ್ಲಿ ಇರುತ್ತದೆ. ಈಗಿರುವ ಶೀರ್ಷಿಕೆಯೇ ಸಾಕು, ಆಧಾರ ಸಾಲದು, ಮಾದರಿಗೆ ಹೊಂದುವುದಿಲ್ಲ, ಹೀಗೆ. ನೋಟ್‌ಬುಕ್ ತೆಗೆದು ಎಸ್‌ಪಿ ಸಂಖ್ಯೆಯ ಎದುರು ಆ ಕಾರಣವನ್ನು ಬರೆದಿಡಿ. ನಾಲ್ಕಾರು ತಿಂಗಳು ಹೀಗೆ ಬರೆದರೆ, ಅವರು ಯಾವ ತ್ರಾಸಿನಲ್ಲಿ ತೂಗುತ್ತಾರೆಂಬುದು ಮ್ಯಾನ್ಯುಯಲ್‌ಗಿಂತ ಚೆನ್ನಾಗಿ ತಿಳಿಯುತ್ತದೆ. ನಿಮ್ಮ ಟಿಪ್ಪಣಿ ಬಿದ್ದುಹೋದರೂ ಅದರ ಆಧಾರಗಳನ್ನು ಎಸೆಯಬೇಡಿ. ಅದೇ ವಿಷಯ ಮತ್ತೊಂದು ಪಟ್ಟಿಯಲ್ಲಿ ತಿರುಗಿ ಬರಬಹುದು.

ಅಲ್ಲಿಯವರೆಗೆ ನಿಮ್ಮ ಓದುಗ ಕಾಯುವುದಿಲ್ಲ. ಕೋಹಾದಲ್ಲಿ 650ರ ಎರಡನೆಯ ಇಂಡಿಕೇಟರ್, ಅಂದರೆ ಪದ ಯಾವ ಪಟ್ಟಿಯದೆಂದು ಹೇಳುವ ಅಂಕಿ, 7 ಮಾಡಿ, ಸಬ್‌ಫೀಲ್ಡ್ 2ರಲ್ಲಿ ಲೋಕಲ್ ಎಂದು ಹಾಕಿ, ಖಣ, ಕುಂದಾ, ಡೋಣಿ ಎಂದು ನಿಮ್ಮದೇ ಪದ ಕೊಡಿ. ಎಲ್‌ಸಿಎಸ್‌ಎಚ್ ಪದವನ್ನು ಅದರ ಪಕ್ಕದಲ್ಲಿ ಇನ್ನೊಂದು 650ರಲ್ಲಿ, ಎರಡನೆಯ ಇಂಡಿಕೇಟರ್ 0 ಇಟ್ಟು, ಹಾಗೆಯೇ ಉಳಿಸಿ. ಲೋಕಲ್ ಪದವನ್ನು 0 ಇಂಡಿಕೇಟರ್ ಅಡಿಯಲ್ಲಿ ತುರುಕಿದ ರೆಕಾರ್ಡುಗಳನ್ನು ನಾನು ಈಗಲೂ ಒಂದೊಂದಾಗಿ ತಿದ್ದುತ್ತ ಕೂತಿದ್ದೇನೆ. ಅವನ್ನು ಹಾಗೆ ತುರುಕಿದವನೂ ನಾನೇ.